ಆಕಳ ಮೇವಿನಲ್ಲಿ ಕೊಬ್ಬು: ಗೋದಲಿ ನೋಡಿ ಪ್ರಮಾಣ ನಿರ್ಧರಿಸುವ ಸಮಗ್ರ ಮಾರ್ಗದರ್ಶಿ

ಡೈರಿಯಲ್ಲಿ ಹಾಲಿನ ಫ್ಯಾಟ್ ಇಳಿಯಿತೆಂದು ಚೀಟಿ ಬಂದ ಕೂಡಲೇ ಆಕಳ ದಾಣಿಗೆ ಒಂದು ಲೋಟ ಎಣ್ಣೆ ಸುರಿಯುವವರು ಕಲಬುರಗಿ, ಬೀದರ್, ಯಾದಗಿರಿ ಕಡೆ ಇಂದಿಗೂ ಇದ್ದಾರೆ. ಅಂಗಡಿಯಿಂದ ಬೈಪಾಸ್ ಫ್ಯಾಟ್ (ಮೆಲುಕು ಹೊಟ್ಟೆಯಲ್ಲಿ ಕರಗದೆ ಕರುಳಿಗೆ ದಾಟುವಂತೆ ತಯಾರಿಸಿದ ಕೊಬ್ಬು) ಚೀಲ ತಂದು, ಅಳತೆಯಿಲ್ಲದೆ ಬೊಗಸೆಯಲ್ಲಿ ಹಾಕುವವರೂ ಇದ್ದಾರೆ. ಇಬ್ಬರ ಎಣಿಕೆಯೂ ಒಂದೇ: ಕೊಬ್ಬಿನಲ್ಲಿ ಹಿಟ್ಟು, ಸಕ್ಕರೆಗಳಿಗಿಂತ ಎರಡೂಕಾಲು ಪಟ್ಟು ಶಕ್ತಿಯಿರುವುದರಿಂದ ಹಾಕಿದಷ್ಟೂ ಲಾಭ. ಆದರೆ ಕೊಬ್ಬು ಆಕಳ ತಿನ್ನುವ ಕ್ರಮವನ್ನೇ ಬದಲಿಸುತ್ತದೆ. ಒಂದು ಹೊತ್ತಿಗೆ ಎಷ್ಟು ತಿನ್ನಬೇಕು, ಎಷ್ಟು ಹೊತ್ತಿಗೊಮ್ಮೆ ಗೋದಲಿಗೆ ಬರಬೇಕು, ಎಷ್ಟು ಮೆಲುಕು ಹಾಕಬೇಕು ಎಂಬುದೆಲ್ಲ ಅದರಿಂದ ಏರುಪೇರಾಗುತ್ತದೆ. ಆದ್ದರಿಂದ ಕೊಬ್ಬಿನ ಲಾಭವನ್ನು ಚೀಲದ ಮೇಲಿನ ಅಂಕಿಯಿಂದಲ್ಲ, ಗೋದಲಿಯಲ್ಲಿ ಉಳಿದ ಮೇವಿನಿಂದ ಅಳೆಯಬೇಕೆಂಬುದು ಈ ಬರಹದ ನಿಲುವು. ಮುಂದಿನ ಹಂತಗಳೆಲ್ಲ ಅದರ ಮೇಲೆಯೇ ನಿಂತಿವೆ.

ಕೊಬ್ಬು ಹಸಿವನ್ನು ಕಟ್ಟುವ ಬಗೆ

ಹಂತಗಳಿಗೆ ಹೋಗುವ ಮುನ್ನ ಕಾರಣಗಳನ್ನು ತಿಳಿದಿರುವುದು ಒಳಿತು, ಏಕೆಂದರೆ ಒಂದೊಂದು ಕಾರಣಕ್ಕೂ ಪರಿಹಾರ ಬೇರೆ.

ಮೊದಲನೆಯದು ಮೆಲುಕು ಹೊಟ್ಟೆ, ಅಂದರೆ ರೂಮೆನ್‌ನೊಳಗೆ ನಡೆಯುವ ಕೆಲಸ. ಕಣಿಕೆ, ಹುಲ್ಲುಗಳ ನಾರನ್ನು ಕರಗಿಸುವುದು ಅಲ್ಲಿನ ಸೂಕ್ಷ್ಮಜೀವಿಗಳು. ಸೇಂಗಾ, ಸೂರ್ಯಕಾಂತಿ, ಕುಸುಬೆ, ಹತ್ತಿಕಾಳು, ಅಕ್ಕಿ ತೌಡು ಇವುಗಳ ಎಣ್ಣೆಯಲ್ಲಿ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬಿನಾಮ್ಲಗಳೇ ಹೆಚ್ಚು. ಅವು ಈ ಜೀವಿಗಳಿಗೆ ವಿಷವಾಗುತ್ತವೆ, ನಾರಿನ ಮೇಲೆ ಪದರ ಕಟ್ಟಿ ಅವುಗಳ ಕೆಲಸಕ್ಕೂ ಅಡ್ಡಿಯಾಗುತ್ತವೆ. ನಾರು ಕರಗದೆ ಹೊಟ್ಟೆಯಲ್ಲೇ ಉಳಿದರೆ ಹೊಸ ಮೇವಿಗೆ ಜಾಗವಿಲ್ಲದೆ ಆಕಳು ತಿನ್ನುವುದನ್ನು ನಿಲ್ಲಿಸುತ್ತದೆ. ಇದೇ ಸ್ಥಿತಿಯಲ್ಲಿ ರೂಮೆನ್‌ನಲ್ಲಿ ಹುಟ್ಟುವ ಕೆಲವು ವಿಶಿಷ್ಟ ಕೊಬ್ಬಿನಾಮ್ಲಗಳು ಕೆಚ್ಚಲನ್ನು ಸೇರಿ, ಅಲ್ಲಿ ಹಾಲಿನ ಕೊಬ್ಬು ತಯಾರಾಗುವುದನ್ನೇ ತಗ್ಗಿಸುತ್ತವೆ. ಫ್ಯಾಟ್ ಏರಲೆಂದು ಹಾಕಿದ ಎಣ್ಣೆಯಿಂದ ಫ್ಯಾಟ್ ಇಳಿಯುವುದು ಹೀಗೆ.

ಎರಡನೆಯದು ಸಣ್ಣ ಕರುಳು ಮತ್ತು ಯಕೃತ್ತಿನಿಂದ ಬರುವ ಸೂಚನೆ. ರೂಮೆನ್ ದಾಟಿ ಹೋದ ಕೊಬ್ಬು ಕರುಳನ್ನು ಮುಟ್ಟಿದಾಗ ಕೊಲೆಸಿಸ್ಟೊಕೈನಿನ್‌ನಂಥ ಹಾರ್ಮೋನುಗಳು ಹೊರಬಂದು ಹೊಟ್ಟೆಯ ಚಲನೆಯನ್ನು ನಿಧಾನಗೊಳಿಸುತ್ತವೆ, ಸಾಕೆಂಬ ಭಾವ ಬೇಗ ಬರುವಂತೆ ಮಾಡುತ್ತವೆ. ಯಕೃತ್ತಿನಲ್ಲಿ ಕೊಬ್ಬಿನಾಮ್ಲ ಉರಿದು ಶಕ್ತಿಯಾಗುವುದೂ ಊಟ ನಿಲ್ಲಿಸುವ ಸೂಚನೆಯೆಂದು ಪಶು ಪೋಷಣಾ ತಜ್ಞರು ಹೇಳುತ್ತಾರೆ. ಈ ಪರಿಣಾಮವೂ ಅಪರ್ಯಾಪ್ತ ಕೊಬ್ಬಿನಲ್ಲೇ ಹೆಚ್ಚು. ಆದ್ದರಿಂದ ರೂಮೆನ್‌ಗೆ ತೊಂದರೆ ಕೊಡದ ಬೈಪಾಸ್ ಫ್ಯಾಟ್ ಕೂಡ ತಿನ್ನುವ ಪ್ರಮಾಣವನ್ನು ತಗ್ಗಿಸಬಲ್ಲದು. ಚೀಲದ ಮೇಲೆ ಈ ಮಾತು ಇರುವುದಿಲ್ಲ.

ಮೂರನೆಯದು ಬರಿಯ ರುಚಿ, ವಾಸನೆ. ಕ್ಯಾಲ್ಸಿಯಂ ಸಾಬೂನಿನ ರೂಪದ ಬೈಪಾಸ್ ಫ್ಯಾಟ್‌ಗೆ ಸಾಬೂನಿನಂಥದೇ ಘಾಟು. ಕಮಟು ಹಿಡಿದ ತೌಡನ್ನಂತೂ ಆಕಳು ಮೂಸಿ ಬಿಡುತ್ತದೆ.

ಮೊದಲ ಹಂತ: ಕೊಬ್ಬು ಹಾಕುವ ಮುನ್ನ ಒಂದು ವಾರದ ಲೆಕ್ಕ

ಹಾಕುವ ಮುನ್ನ ಆಕಳು ಎಷ್ಟು ತಿನ್ನುತ್ತಿತ್ತೆಂದು ಗೊತ್ತಿಲ್ಲದಿದ್ದರೆ, ಹಾಕಿದ ಮೇಲೆ ಬದಲಾದದ್ದೇನೆಂದು ಯಾರೂ ಹೇಳಲಾರರು. ಒಂದು ತೂಗುತಕ್ಕಡಿ, ಒಂದು ನೋಟುಬುಕ್ ಸಾಕು. ಒಂದು ವಾರ ಪ್ರತಿದಿನ ಕೊಟ್ಟ ಹಸಿಮೇವು, ಒಣಮೇವು, ದಾಣಿಯನ್ನು ಬೇರೆಬೇರೆಯಾಗಿ ತೂಗಿ ಬರೆಯಬೇಕು; ಮರುದಿನ ಬೆಳಗಿನ ಮೇವು ಹಾಕುವ ಮುನ್ನ ಗೋದಲಿಯಲ್ಲಿ ಉಳಿದದ್ದನ್ನೂ ತೂಗಬೇಕು. ಕೊಟ್ಟದ್ದರಲ್ಲಿ ನೂರಕ್ಕೆ ಐದರಷ್ಟು ಉಳಿದರೆ ಆಕಳು ಹೊಟ್ಟೆ ತುಂಬ ತಿಂದಿದೆ ಎಂದರ್ಥ. ಗೋದಲಿ ಸ್ವಚ್ಛವಾಗಿ ನೆಕ್ಕಿದಂತಿದ್ದರೆ ಅದಕ್ಕೆ ಮೇವು ಸಾಲುತ್ತಿಲ್ಲ. ಅಂಥ ಕೊಟ್ಟಿಗೆಗೆ ಮೊದಲು ಬೇಕಾದದ್ದು ಮೇವು, ಕೊಬ್ಬಲ್ಲ.

ಉಳಿದದ್ದು ಏನೆಂಬುದನ್ನೂ ನೋಡಬೇಕು. ಕತ್ತರಿಸದ ಜೋಳದ ಕಣಿಕೆ ಹಾಕುವ ಕಡೆ ಆಕಳು ಎಲೆ, ತುದಿಗಳನ್ನು ಆರಿಸಿ ತಿಂದು ದಂಟನ್ನು ಬಿಡುತ್ತದೆ. ಒಂದೆರಡು ಇಂಚಿಗೆ ಕತ್ತರಿಸಿ ಹಸಿಮೇವಿನೊಂದಿಗೆ ಕಲಸಿ ಹಾಕುವ ರೂಢಿಯನ್ನು ಈ ವಾರದಲ್ಲೇ ಆರಂಭಿಸಿದರೆ ಮುಂದಿನ ಲೆಕ್ಕ ಸರಿಬರುತ್ತದೆ.

ಇದರ ಜೊತೆಗೆ ನಡವಳಿಕೆಯನ್ನು ಗಮನಿಸಬೇಕು. ಸದಾ ಮೇವು ಸಿಗುವ ಹಾಲಿನ ಆಕಳು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಗೋದಲಿಗೆ ಬಂದು, ಒಟ್ಟು ನಾಲ್ಕಾರು ತಾಸು ತಿನ್ನುತ್ತದೆ. ಏಳರಿಂದ ಒಂಬತ್ತು ತಾಸು ಮೆಲುಕು ಹಾಕುತ್ತದೆ. ದಿನವಿಡೀ ಕಾದು ಕೂರುವ ಅಗತ್ಯವಿಲ್ಲ. ಮೇವು ಹಾಕಿದ ಮೇಲೆ ಎಷ್ಟು ನಿಮಿಷ ಬಿಡದೆ ತಿಂದಿತು, ಮಧ್ಯಾಹ್ನ ಮಲಗಿರುವಾಗ ಒಂದು ಉಂಡೆಯನ್ನು ಎಷ್ಟು ಬಾರಿ ಅಗಿಯಿತು, ಇವೆರಡನ್ನು ಬರೆದರೆ ಸಾಕು. ಒಂದು ಉಂಡೆಗೆ 50ರಿಂದ 60 ಅಗಿತ ಸಹಜ. ಹಾಲಿನ ಅಳತೆ, ಡೈರಿಯ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಅಂಕಿಗಳೂ ಅದೇ ಪುಟದಲ್ಲಿ ಇರಲಿ.

ಎರಡನೆಯ ಹಂತ: ಮೇವಿನಲ್ಲಿ ಈಗಾಗಲೇ ಇರುವ ಎಣ್ಣೆಯನ್ನು ಎಣಿಸುವುದು

ಹೆಚ್ಚಿನ ತಪ್ಪು ನಡೆಯುವುದು ಇಲ್ಲಿ. ಆಕಳು ತಿನ್ನುವ ಒಟ್ಟು ಒಣ ಅಂಶದಲ್ಲಿ, ಅಂದರೆ ನೀರನ್ನು ಕಳೆದು ಉಳಿಯುವ ಭಾಗದಲ್ಲಿ, ಕೊಬ್ಬು ನೂರಕ್ಕೆ ಆರೇಳನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಅದರಲ್ಲೂ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮೇವು ಮತ್ತು ಕಾಳುಗಳಲ್ಲಿ ಸಹಜವಾಗಿ ಇರುವುದು, ಇನ್ನೊಂದು ಪಾಲು ಎಣ್ಣೆಕಾಳುಗಳಿಂದ ಬರುವುದು, ಮತ್ತೊಂದು ಪಾಲು ಬೈಪಾಸ್ ರೂಪದ್ದು ಆಗಿರಬೇಕು. ಬಿಡಿ ಎಣ್ಣೆಗೆ ಈ ಹಂಚಿಕೆಯಲ್ಲಿ ಜಾಗವೇ ಇಲ್ಲ.

ನಮ್ಮ ಭಾಗದ ಮೇವುಗಳನ್ನು ತೆಗೆದುಕೊಳ್ಳೋಣ. ಜೋಳದ ಕಣಿಕೆಯಲ್ಲಿ ಕೊಬ್ಬು ನೂರಕ್ಕೆ ಒಂದೂವರೆಯ ಆಸುಪಾಸು, ಹಸಿ ಮೆಕ್ಕೆಜೋಳದ ಒಣ ಅಂಶದಲ್ಲಿ ಎರಡೂವರೆಯ ಆಸುಪಾಸು. ತೊಗರಿ ಚುನ್ನಿಯಲ್ಲಿಯೂ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಸಿಪ್ಪೆ) ಎರಡು-ಮೂರಕ್ಕಿಂತ ಹೆಚ್ಚಿಲ್ಲ; ತೊಗರಿ ನಾಡಿನ ಆಕಳುಗಳಿಗೆ ಇದೊಂದು ನಿಶ್ಚಿಂತೆ. ಹಿಂಡಿಗಳಲ್ಲಿ ಎಣ್ಣೆ ತೆಗೆದ ವಿಧಾನವೇ ಎಲ್ಲವನ್ನೂ ನಿರ್ಧರಿಸುತ್ತದೆ. ಗಾಣದಲ್ಲಿ ಅಥವಾ ಯಂತ್ರದಲ್ಲಿ ಒತ್ತಿ ತೆಗೆದ ಸೇಂಗಾ, ಹತ್ತಿಕಾಳು ಹಿಂಡಿಗಳಲ್ಲಿ ಏಳೆಂಟು ಭಾಗ ಎಣ್ಣೆ ಉಳಿದಿರಬಹುದು. ದ್ರಾವಕ ಬಳಸಿ ತೆಗೆದ ಹಿಂಡಿಯಲ್ಲಿ ಒಂದೆರಡು ಭಾಗ ಮಾತ್ರ. ಇಡೀ ಹತ್ತಿಕಾಳಿನಲ್ಲಿಯೂ ಬೀದರ್ ಕಡೆ ಹೇರಳವಾಗಿ ಬೆಳೆಯುವ ಸೋಯಾ ಕಾಳಿನಲ್ಲಿಯೂ 18ರಿಂದ 20 ಭಾಗ ಎಣ್ಣೆ ಇರುತ್ತದೆ.

ಎಲ್ಲಕ್ಕಿಂತ ಕಣ್ಣು ತಪ್ಪಿಸುವುದು ಅಕ್ಕಿ ತೌಡು. ಶಹಾಪುರ, ಸುರಪುರದ ಕಾಲುವೆ ಪ್ರದೇಶದಲ್ಲಿ ಭತ್ತ ಹೆಚ್ಚು. ಅಲ್ಲಿ ಮಿಲ್ಲಿನ ತೌಡು ಸಿಗುವುದು ಸುಲಭ. ಎಣ್ಣೆ ತೆಗೆಯದ ತೌಡಿನಲ್ಲಿ 12ರಿಂದ 18 ಭಾಗದವರೆಗೆ ಎಣ್ಣೆ ಇರುತ್ತದೆ, ಅದೂ ಅಪರ್ಯಾಪ್ತ ಎಣ್ಣೆ. ಹೊಟ್ಟು ಬೆರೆತಿದ್ದರೆ ಕಡಿಮೆ. ಎಣ್ಣೆ ತೆಗೆದ ತೌಡು ಬೇರೆಯೇ ಪದಾರ್ಥ. ಅದರಲ್ಲಿ ಕೊಬ್ಬು ಹೆಸರಿಗಷ್ಟೇ. ಇವೆರಡನ್ನೂ ತೌಡೆಂದೇ ಕರೆಯುವುದರಿಂದ ಕೊಳ್ಳುವಾಗ ಕೇಳಿ ತಿಳಿಯಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 400 ಕಿಲೋ ತೂಕದ, 12 ಲೀಟರ್ ಹಾಲು ಕೊಡುವ ಮಿಶ್ರತಳಿ ಆಕಳಿಗೆ 20 ಕಿಲೋ ಹಸಿ ಮೆಕ್ಕೆಜೋಳ, 4 ಕಿಲೋ ಕಣಿಕೆ, 3 ಕಿಲೋ ಚೀಲದ ಪಶು ಆಹಾರ, 1 ಕಿಲೋ ಹತ್ತಿಕಾಳು ಹಿಂಡಿ, 1 ಕಿಲೋ ತೊಗರಿ ಚುನ್ನಿ ಕೊಡುತ್ತೇವೆಂದುಕೊಳ್ಳಿ. ಒಣ ಅಂಶ ಸುಮಾರು 12 ಕಿಲೋ. ಕೊಬ್ಬು ಹಸಿಮೇವಿನಿಂದ 100 ಗ್ರಾಂ, ಕಣಿಕೆಯಿಂದ 55, ಪಶು ಆಹಾರದಲ್ಲಿ ನೂರಕ್ಕೆ ಮೂರೆಂದು ಹಿಡಿದರೆ 90, ಹಿಂಡಿಯಿಂದ 70, ಚುನ್ನಿಯಿಂದ 25. ಒಟ್ಟು 340 ಗ್ರಾಂ, ಅಂದರೆ ನೂರಕ್ಕೆ 2.8. ಇಲ್ಲಿ ಬೈಪಾಸ್ ಫ್ಯಾಟ್‌ಗೆ ಬೇಕಾದಷ್ಟು ಅವಕಾಶವಿದೆ. ಇದಕ್ಕೆ 2 ಕಿಲೋ ಎಣ್ಣೆ ತೆಗೆಯದ ತೌಡು ಸೇರಿಸಿದರೆ ಪ್ರಮಾಣ 4.6ಕ್ಕೆ ಏರುತ್ತದೆ. ಅದರ ಮೇಲೆ ಒಂದು ಲೋಟ, ಅಂದರೆ 200 ಮಿಲಿ ಎಣ್ಣೆ ಸುರಿದರೆ 5.8, ಅದರ ಜೊತೆಗೆ ಒಂದು ಕಿಲೋ ಹತ್ತಿಕಾಳನ್ನೂ ನೆನೆಸಿ ಹಾಕಿದರೆ 6.7. ಇಷ್ಟಾದರೂ ಅಂಗಡಿಯಿಂದ ಬೈಪಾಸ್ ಫ್ಯಾಟ್ ತಂದೇ ಇಲ್ಲ. ಈ ಲೆಕ್ಕ ಆಕಳು ಎಲ್ಲವನ್ನೂ ತಿಂದಿತೆಂದು ಮಾಡಿದ್ದು. ಅದು ಕಣಿಕೆಯನ್ನು ಬಿಟ್ಟು ದಾಣಿಯನ್ನಷ್ಟೇ ತಿಂದರೆ ನಿಜವಾದ ಪ್ರಮಾಣ ಇನ್ನೂ ಮೇಲೆ ಹೋಗುತ್ತದೆ.

ಪ್ರಮಾಣ ಐದನ್ನು ದಾಟಿದ್ದರೆ ಹೊಸ ಕೊಬ್ಬನ್ನು ಸೇರಿಸುವ ಮಾತು ಬಿಟ್ಟು, ಮೊದಲು ಎಣ್ಣೆಯನ್ನು ನಿಲ್ಲಿಸಿ, ತೌಡನ್ನು ತಗ್ಗಿಸಿ. ಮೇವಿನ ಮಾದರಿಯನ್ನು ಪರೀಕ್ಷಿಸಬೇಕೆನಿಸಿದರೆ ಬೀದರಿನ ಪಶುವೈದ್ಯಕೀಯ ಕಾಲೇಜಿನ ಪಶು ಪೋಷಣಾ ವಿಭಾಗದಲ್ಲಿ ವಿಚಾರಿಸಬಹುದು.

ಮೂರನೆಯ ಹಂತ: ಯಾವ ಆಕಳಿಗೆ, ಯಾವ ಕೊಬ್ಬು

ದಿನಕ್ಕೆ ಮೂರು-ನಾಲ್ಕು ಲೀಟರ್ ಕೊಡುವ ದೇವಣಿ ತಳಿಯ ಆಕಳಿಗೆ ಬೈಪಾಸ್ ಫ್ಯಾಟ್ ಹಾಕುವುದು ದುಡ್ಡು ಕಳೆದಂತೆ. ಅಷ್ಟು ಹಾಲಿಗೆ ಬೇಕಾದ ಶಕ್ತಿಯನ್ನು ಒಳ್ಳೆಯ ಹಸಿಮೇವು, ಸ್ವಲ್ಪ ದಾಣಿಗಳಿಂದಲೇ ಅದು ಪಡೆಯುತ್ತದೆ. ಕೊಬ್ಬು ಬೇಕಾಗುವುದು ಹತ್ತು-ಹನ್ನೆರಡು ಲೀಟರ್‌ಗಿಂತ ಹೆಚ್ಚು ಹಾಲು ಕೊಡುತ್ತ, ಈದ ಮೇಲೆ ಮೈ ಇಳಿಯುತ್ತಿರುವ ಆಕಳಿಗೆ ಮತ್ತು ಹೆಚ್ಚು ಹಾಲಿನ ಎಮ್ಮೆಗೆ.

ಸಮಯದ ಬಗ್ಗೆ ಎಚ್ಚರ ಬೇಕು. ಈಯುವ ಹತ್ತು ದಿನ ಮುಂಚೆ ಆರಂಭಿಸಿ, ಈದ ಮೇಲೆ ಮೂರು ತಿಂಗಳವರೆಗೆ ಬೈಪಾಸ್ ಫ್ಯಾಟ್ ಕೊಡಬೇಕೆಂಬ ಸಲಹೆ ನಮ್ಮಲ್ಲಿ ಚಾಲ್ತಿಯಲ್ಲಿದೆ. ಆದರೆ ಈದ ಮೊದಲ ವಾರಗಳಲ್ಲಿ ಆಕಳು ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತಿರುತ್ತದೆ. ರಕ್ತದಲ್ಲಿ ಆಗಲೇ ಕೊಬ್ಬಿನಾಮ್ಲ ತುಂಬಿ, ಹಸಿವು ತಾನಾಗಿಯೇ ಕುಗ್ಗಿರುತ್ತದೆ. ಕೊಬ್ಬಿದ ಆಕಳಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ತೆಳ್ಳಗಿನ, ಚೆನ್ನಾಗಿ ತಿನ್ನುತ್ತಿರುವ ಆಕಳಿಗೆ ಆ ಸಲಹೆಯಂತೆ ನಡೆಯಬಹುದು. ಮೈತುಂಬಿದ, ಈದ ಮೇಲೆ ಗೋದಲಿಯತ್ತ ಮನಸ್ಸಿಲ್ಲದ ಆಕಳಿಗೆ ಎರಡು-ಮೂರು ವಾರ ಕಾದು, ತಿನ್ನುವುದು ಕುದುರಿದ ಮೇಲೆ ಆರಂಭಿಸುವುದು ಮೇಲು.

ಬೈಪಾಸ್ ಫ್ಯಾಟ್‌ನಲ್ಲಿ ಎರಡು ಬಗೆ ಸಿಗುತ್ತವೆ. ತಾಳೆ ಎಣ್ಣೆಯ ಕೊಬ್ಬಿನಾಮ್ಲವನ್ನು ಕ್ಯಾಲ್ಸಿಯಂ ಜೊತೆ ಬೆಸೆದದ್ದು ಒಂದು. ಅದರಲ್ಲಿ ಸುಮಾರು 80ರಿಂದ 85 ಭಾಗ ಕೊಬ್ಬು, ಏಳರಿಂದ ಒಂಬತ್ತು ಭಾಗ ಕ್ಯಾಲ್ಸಿಯಂ ಇರುತ್ತದೆ. ಕೊಬ್ಬಿನಲ್ಲಿ ಗಣನೀಯ ಪಾಲು ಅಪರ್ಯಾಪ್ತವಾದ ಓಲಿಕ್ ಆಮ್ಲ. ಬಹುಪಾಲು ಪರ್ಯಾಪ್ತ ಕೊಬ್ಬಿನಿಂದ ಸಣ್ಣ ಮಣಿಗಳಂತೆ ಮಾಡಿದ್ದು ಇನ್ನೊಂದು. ಇದಕ್ಕೆ ಘಾಟಿಲ್ಲ, ತಿನ್ನುವುದನ್ನು ತಗ್ಗಿಸುವುದೂ ಕಡಿಮೆ. ಪಾಮಿಟಿಕ್ ಆಮ್ಲ ಹೆಚ್ಚಿರುವ ಮಣಿಗಳು ಹಾಲಿನ ಫ್ಯಾಟ್ ಏರಿಸುವುದರಲ್ಲಿ ಮುಂದು. ಕ್ಯಾಲ್ಸಿಯಂ ಬಗೆಯಲ್ಲಿ ಇನ್ನೊಂದು ಮಿತಿಯಿದೆ: ದಾಣಿ ಹೆಚ್ಚಾಗಿ ರೂಮೆನ್ ಹುಳಿಯಾದರೆ, ಅಂದರೆ ಪಿಎಚ್ ಆರಕ್ಕಿಂತ ಕೆಳಗಿಳಿದರೆ, ಬೆಸುಗೆ ಬಿಡಿಸಿಕೊಂಡು ಕೊಬ್ಬು ಅಲ್ಲಿಯೇ ಬಿಡುಗಡೆಯಾಗುತ್ತದೆ. ಹೆಸರಿಗೆ ಬೈಪಾಸ್, ನಡತೆ ಎಣ್ಣೆಯದು.

ಇಡೀ ಹತ್ತಿಕಾಳು ಇವೆರಡರ ನಡುವಿನದು. ಅದರ ಎಣ್ಣೆ ಅಗಿದಂತೆ ನಿಧಾನವಾಗಿ ಬಿಡುಗಡೆಯಾಗುತ್ತದೆ, ಮೇಲಿನ ನಾರು ಮೆಲುಕಿಗೂ ನೆರವಾಗುತ್ತದೆ. ಯಾದಗಿರಿ ಕಡೆ ಒಳ್ಳೆಯ ಕಾಳು ಸಿಕ್ಕರೆ ದಿನಕ್ಕೆ ಒಂದು ಕಿಲೋವರೆಗೆ ಕೊಡಬಹುದು. ಅದರಲ್ಲಿ ಗಾಸಿಪಾಲ್ ಎಂಬ ವಿಷಾಂಶವಿರುವುದರಿಂದ ಕರುಗಳಿಗೂ ಬೀಜದ ಹೋರಿಗಳಿಗೂ ಬೇಡ. ಬಿತ್ತನೆಗೆಂದು ಔಷಧ ಲೇಪಿಸಿದ ಕಾಳನ್ನು ಯಾವ ದನಕ್ಕೂ ಹಾಕಬಾರದು.

ನಾಲ್ಕನೆಯ ಹಂತ: ನಿಧಾನವಾಗಿ ಏರಿಸುವುದು

ಹನ್ನೆರಡು ಲೀಟರ್ ಆಕಳಿಗೆ ದಿನಕ್ಕೆ 100ರಿಂದ 150 ಗ್ರಾಂ ಬೈಪಾಸ್ ಫ್ಯಾಟ್ ಗುರಿಯಾಗಿರಲಿ; ಹದಿನೈದು ಲೀಟರ್ ದಾಟಿದರೆ 200 ಗ್ರಾಂವರೆಗೆ ಹೋಗಬಹುದು. ಮೊದಲ ಮೂರು-ನಾಲ್ಕು ದಿನ 30 ಗ್ರಾಂ, ಮುಂದಿನ ಮೂರು-ನಾಲ್ಕು ದಿನ 60, ಬಳಿಕ 100. ಅಲ್ಲಿ ಒಂದು ವಾರ ನಿಂತು ನೋಡಿ, ಗೋದಲಿ ಒಪ್ಪಿದರೆ ಮಾತ್ರ ಮೇಲಕ್ಕೆ. ಇಡೀ ದಿನದ ಪಾಲನ್ನು ಒಂದೇ ಹೊತ್ತಿಗೆ ಹಾಕದೆ ಬೆಳಿಗ್ಗೆ, ಸಂಜೆಯ ದಾಣಿಗಳಲ್ಲಿ ಹಂಚಬೇಕು. ಒಣ ದಾಣಿಯ ಮೇಲೆ ಉದುರಿಸಿದರೆ ಪುಡಿ ಗೋದಲಿಯ ತಳ ಸೇರುತ್ತದೆ. ಸ್ವಲ್ಪ ನೀರು ಚಿಮುಕಿಸಿ ಚೆನ್ನಾಗಿ ಕಲಸಬೇಕು. ಘಾಟಿಗೆ ಹಿಂಜರಿಯುವ ಆಕಳಿಗೆ ಮೊದಲ ವಾರ ಒಂದು ಮುಷ್ಟಿ ಬೆಲ್ಲದ ಪುಡಿ ಅಥವಾ ಸ್ವಲ್ಪ ಕಾಕಂಬಿ ಬೆರೆಸಿದರೆ ರೂಢಿಯಾಗುತ್ತದೆ.

ಈ ದಿನಗಳಲ್ಲಿ ಬೇರೇನನ್ನೂ ಬದಲಿಸಬಾರದು. ಹೊಸ ಹಿಂಡಿ, ಹೊಸ ಮೇವು, ಹೊಸ ಕೊಬ್ಬು ಒಟ್ಟಿಗೆ ಬಂದರೆ ಆಕಳು ಬಿಟ್ಟದ್ದು ಯಾವುದಕ್ಕೆಂದು ತಿಳಿಯುವುದಿಲ್ಲ. ಖನಿಜ ಮಿಶ್ರಣ ತಪ್ಪಬಾರದು. ಕೊಬ್ಬು ಕರುಳಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದುಕೊಂಡು ಸಗಣಿಯೊಡನೆ ಹೊರಹಾಕುತ್ತದೆ. ರೂಮೆನ್‌ನ ಜೀವಿಗಳಿಗೆ ಕೊಬ್ಬಿನಿಂದ ಶಕ್ತಿ ಸಿಗುವುದಿಲ್ಲವಾದ್ದರಿಂದ, ಕೊಬ್ಬು ಹಾಕುತ್ತೇವೆಂದು ಹಿಂಡಿಯನ್ನು ಕಡಿಮೆ ಮಾಡಿದರೆ ಹಾಲಿನ ಪ್ರೋಟೀನ್ ಇಳಿದು ಎಸ್‌ಎನ್‌ಎಫ್ ಕುಸಿಯುತ್ತದೆ.

ಐದನೆಯ ಹಂತ: ಆಕಳು ಮೇವು ಬಿಟ್ಟರೆ ಕಾರಣವನ್ನು ಗುರುತಿಸುವುದು

ಮೊದಲು ಎಷ್ಟು ಬಿಟ್ಟರೆ ನಷ್ಟವೆಂದು ತಿಳಿಯೋಣ. 150 ಗ್ರಾಂ ಬೈಪಾಸ್ ಫ್ಯಾಟ್ ಕೊಡುವ ಶಕ್ತಿ ಸ್ಥೂಲವಾಗಿ ಅರ್ಧ ಕಿಲೋ ಅಥವಾ ಸ್ವಲ್ಪ ಹೆಚ್ಚು ಒಣ ಅಂಶದ ಮೇವು-ದಾಣಿಯ ಶಕ್ತಿಗೆ ಸಮ. ಹಸಿ ಮೆಕ್ಕೆಜೋಳದಲ್ಲಿ ಹೇಳುವುದಾದರೆ ಅದು ಮೂರು ಕಿಲೋ. ಕೊಬ್ಬು ಆರಂಭಿಸಿದ ಮೇಲೆ ಆಕಳು ಮೊದಲಿಗಿಂತ ಮೂರು ಕಿಲೋ ಹಸಿಮೇವನ್ನು ಹೆಚ್ಚಾಗಿ ಬಿಡುತ್ತಿದ್ದರೆ ಕೊಬ್ಬಿನಿಂದ ಬಂದ ಶಕ್ತಿ ಅಲ್ಲಿಗೇ ವಜಾ. ಮೇವಿನೊಂದಿಗೆ ಹೋದ ಪ್ರೋಟೀನ್, ನಾರು ಮತ್ತು ಫ್ಯಾಟ್ ಚೀಲದ ಬೆಲೆ ಬೇರೆ ನಷ್ಟ. ಒಂದು ಕಿಲೋ ಹಸಿಮೇವು ಕಡಿಮೆಯಾದರೆ ಗಾಬರಿ ಬೇಡ, ಅಷ್ಟು ಇಳಿತ ಸಹಜವೇ.

ಮಿತಿ ಮೀರಿದ ಇಳಿತ ಕಂಡರೆ ಬಿಟ್ಟ ರೀತಿಯನ್ನು ಓದಬೇಕು. ಹಾಕಿದ ಮೊದಲ ದಿನವೇ ಆಕಳು ದಾಣಿಯನ್ನು ಮೂಸಿ, ತಲೆ ಹಿಂದಕ್ಕೆ ತೆಗೆದು, ಪಕ್ಕದ ಬರಿಮೇವನ್ನು ಸಲೀಸಾಗಿ ತಿಂದರೆ ಅದು ರುಚಿಯ ತಕರಾರು. ಮೆಲುಕು, ಸಗಣಿಗಳಲ್ಲಿ ಬದಲಾವಣೆ ಇರುವುದಿಲ್ಲ. ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಬೆಲ್ಲದೊಂದಿಗೆ ಮತ್ತೆ ಆರಂಭಿಸಬೇಕು. ಆಗಲೂ ಒಪ್ಪದಿದ್ದರೆ ಚೀಲವನ್ನೇ ಮೂಸಿ ನೋಡಿ, ಕಮಟಿದ್ದರೆ ಹಿಂದಿರುಗಿಸಿ. ತೌಡಿನ ವಿಷಯದಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಮಿಲ್ಲಿನಿಂದ ಹೊರಬಂದ ಗಳಿಗೆಯಿಂದಲೇ ತೌಡಿನೊಳಗಿನ ಕಿಣ್ವ ಅದರ ಎಣ್ಣೆಯನ್ನು ಒಡೆಯತೊಡಗುತ್ತದೆ. ನಮ್ಮ ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಅದು ಕೆಡುತ್ತದೆ. ತಿಂಗಳಿಗಾಗುವಷ್ಟು ಒಮ್ಮೆಗೇ ತಂದಿಡುವುದು ಸೋವಿಯೆನಿಸಿದರೂ ವಾರವಾರ ತರುವುದೇ ಸರಿ.

ಮೊದಲ ಕೆಲವು ದಿನ ಚೆನ್ನಾಗಿ ತಿಂದು, ಬಳಿಕ ದಿನೇ ದಿನೇ ಕಣಿಕೆಯನ್ನು ಬಿಡುತ್ತ ಬಂದರೆ ಅದು ರೂಮೆನ್‌ನ ತೊಂದರೆ. ಆಗ ಬೇರೆ ಸಾಕ್ಷಿಗಳೂ ಸಿಗುತ್ತವೆ: ಮಲಗಿದ ಆಕಳು ಮೆಲುಕು ಹಾಕದೆ ಸುಮ್ಮನಿರುತ್ತದೆ, ಉಂಡೆಗೆ ಅಗಿತ ನಲವತ್ತಕ್ಕೆ ಇಳಿಯುತ್ತದೆ, ಸಗಣಿ ತೆಳುವಾಗಿ ಅದರಲ್ಲಿ ಕರಗದ ನಾರಿನ ತುಣುಕು ಕಾಣುತ್ತದೆ, ವಾರ-ಹತ್ತು ದಿನದೊಳಗೆ ಡೈರಿಯ ಫ್ಯಾಟ್ ಇಳಿಯುತ್ತದೆ. ಇದಕ್ಕೆ ಕಾರಣ ಸಾಮಾನ್ಯವಾಗಿ ಬೈಪಾಸ್ ಫ್ಯಾಟ್ ಅಲ್ಲ, ಅದರ ಜೊತೆಗಿರುವ ಎಣ್ಣೆ, ತೌಡು ಅಥವಾ ಅತಿಯಾದ ದಾಣಿ. ಬಿಡಿ ಎಣ್ಣೆಯನ್ನು ಅಂದೇ ನಿಲ್ಲಿಸಿ, ದಾಣಿಯನ್ನು ಕಡಿಮೆ ಮಾಡಿ ದಿನಕ್ಕೆ ಮೂರು-ನಾಲ್ಕು ಹೊತ್ತಿಗೆ ಹಂಚಿ, ಒಣಮೇವನ್ನು ಮೊದಲು ಹಾಕಿ ದಾಣಿಯನ್ನು ಆಮೇಲೆ ಕೊಡಬೇಕು. ಮೆಲುಕು ಬೇಗ ಮರಳುತ್ತದೆ. ಹಾಲಿನ ಫ್ಯಾಟ್ ಮರಳಲು ಎರಡು ವಾರ ಹಿಡಿಯಬಹುದು. ಆ ನಡುವೆ ತಾಳ್ಮೆಗೆಟ್ಟು ಮತ್ತೊಂದು ಪುಡಿ ತಂದು ಹಾಕದಿರುವುದೇ ಇಲ್ಲಿನ ಕಷ್ಟದ ಕೆಲಸ.

ಮೂರನೆಯ ರೀತಿ ಸೂಕ್ಷ್ಮವಾದದ್ದು. ಆಕಳು ಹಸಿವಿನಿಂದಲೇ ಬರುತ್ತದೆ, ಚುರುಕಾಗಿ ತಿನ್ನತೊಡಗುತ್ತದೆ, ಆದರೆ ಮೊದಲು ನಲವತ್ತು ನಿಮಿಷ ತಿನ್ನುತ್ತಿದ್ದದ್ದು ಇಪ್ಪತ್ತೈದಕ್ಕೇ ತಲೆ ಎತ್ತುತ್ತದೆ. ಸಗಣಿ, ಮೆಲುಕು ಚೆನ್ನಾಗಿರುತ್ತವೆ, ಫ್ಯಾಟ್ ಇಳಿಯುವುದಿಲ್ಲ. ಇದು ಕರುಳು ಮತ್ತು ಯಕೃತ್ತು ಸಾಕೆನ್ನುತ್ತಿರುವ ಲಕ್ಷಣ, ಊಟ ಚಿಕ್ಕದಾಗಿದೆ. ಕೊಬ್ಬನ್ನು ತೆಗೆಯುವ ಮುನ್ನ ಊಟದ ಬಾರಿಗಳನ್ನು ಹೆಚ್ಚಿಸಿ ನೋಡಬೇಕು. ದಿನಕ್ಕೆರಡು ಬಾರಿ ಮಾತ್ರ ಮೇವು ಕಾಣುವ ಆಕಳಿಗೆ ಬಿಟ್ಟದ್ದನ್ನು ಮತ್ತೆ ತಿನ್ನುವ ಅವಕಾಶವೇ ಇರುವುದಿಲ್ಲ. ನಾಲ್ಕೈದು ಬಾರಿ ಹೊಸ ಮೇವು ಹಾಕಿ, ನಡುನಡುವೆ ಗೋದಲಿಯ ಮೇವನ್ನು ಮುಂದಕ್ಕೆ ಸರಿಸಿ ಕೊಟ್ಟರೆ ಚಿಕ್ಕ ಊಟಗಳೇ ಸೇರಿ ದಿನದ ಒಟ್ಟು ಮೊದಲಿನ ಮಟ್ಟಕ್ಕೆ ಬರಬಹುದು. ಒಂದು ವಾರದ ನಂತರವೂ ಬರದಿದ್ದರೆ 150ರಿಂದ 100 ಗ್ರಾಂಗೆ ಇಳಿಸಿ, ಅಥವಾ ಕ್ಯಾಲ್ಸಿಯಂ ಬಗೆಯ ಬದಲು ಪರ್ಯಾಪ್ತ ಕೊಬ್ಬಿನ ಮಣಿಗಳನ್ನು ಬಳಸಿ ನೋಡಿ.

ಜ್ವರ, ಕೆಚ್ಚಲು ಬಾವು, ಮೈಯ ಕೊಬ್ಬು ಅತಿಯಾಗಿ ಕರಗುವಾಗ ಬರುವ ಕೀಟೋಸಿಸ್ ರೋಗಗಳಲ್ಲಿಯೂ ಆಕಳು ಮೇವು ಬಿಡುತ್ತದೆ. ಎಲ್ಲ ಬಗೆಯ ಮೇವನ್ನೂ ಒಮ್ಮೆಲೇ ಬಿಟ್ಟು ಹಾಲು ಥಟ್ಟನೆ ಕುಸಿದರೆ ಲೆಕ್ಕದ ಪುಸ್ತಕ ಮುಚ್ಚಿಟ್ಟು ಪಶುವೈದ್ಯರನ್ನು ಕರೆಯಬೇಕು.

ಬೇಸಿಗೆಯ ತಿಂಗಳುಗಳು

ಏಪ್ರಿಲ್, ಮೇ ತಿಂಗಳಲ್ಲಿ ಈ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಿಶ್ರತಳಿ ಆಕಳು ಹಗಲೂಟವನ್ನು ಹೆಚ್ಚುಕಡಿಮೆ ಕೈಬಿಡುತ್ತದೆ. ನಾರು ಕರಗುವಾಗ ಮೈಯಲ್ಲಿ ಹುಟ್ಟುವ ಕಾವಿಗಿಂತ ಕೊಬ್ಬು ಬಳಕೆಯಾಗುವಾಗ ಹುಟ್ಟುವ ಕಾವು ಕಡಿಮೆ, ಆದ್ದರಿಂದ ಬೈಪಾಸ್ ಫ್ಯಾಟ್‌ಗೆ ಇದು ತಕ್ಕ ಕಾಲವೇ. ಆದರೆ ಸೆಕೆಗೆ ಬಾಯಿ ಕಟ್ಟಿದ ಆಕಳಿಗೆ ಮೇ ನಡುವಿನಲ್ಲಿ ಹೊಸದಾಗಿ ಆರಂಭಿಸಿದರೆ ಬಿಟ್ಟದ್ದು ಸೆಕೆಗೋ ಕೊಬ್ಬಿಗೋ ಗೊತ್ತಾಗುವುದಿಲ್ಲ. ಮಾರ್ಚ್ ಮೊದಲಲ್ಲೇ ರೂಢಿ ಮಾಡಿಸಬೇಕು. ಮೇವಿನ ಹೆಚ್ಚಿನ ಪಾಲನ್ನು ನಸುಕಿನ ಐದರ ಹೊತ್ತಿಗೂ ರಾತ್ರಿ ಎಂಟರ ನಂತರವೂ ಹಾಕಿ, ತಂಪು ನೀರನ್ನು ದಿನವಿಡೀ ಬಾಯಿಗೆಟಕುವಂತೆ ಇಡಬೇಕು. ನೀರು ಕುಡಿಯದ ಆಕಳು ಮೇವನ್ನೂ ತಿನ್ನುವುದಿಲ್ಲ.

ನಿಲ್ಲಿಸುವ ಬಗೆ

ಮೂರು-ನಾಲ್ಕು ತಿಂಗಳ ಹೊತ್ತಿಗೆ ಹಾಲು ಇಳಿಮುಖವಾಗಿ, ಪಕ್ಕೆಲುಬುಗಳ ಮೇಲೆ ಮಾಂಸ ತುಂಬಿ, ಆಕಳು ಮತ್ತೆ ಗಬ್ಬವಾಗಿದ್ದರೆ ಕೊಬ್ಬಿನ ಅಗತ್ಯ ತೀರಿತು. ವಾರಕ್ಕೆ 50 ಗ್ರಾಂನಂತೆ ತಗ್ಗಿಸುತ್ತ ಬಂದು, ಅದೇ ವಾರಗಳಲ್ಲಿ ಗೋದಲಿಯ ಉಳಿಕೆಯನ್ನು ಮತ್ತೆ ತೂಗಬೇಕು. ಕೊಬ್ಬು ಕಡಿಮೆಯಾದಂತೆ ಆಕಳು ಹೆಚ್ಚು ಮೇವು ಕೇಳುವುದುಂಟು. ಆಗ ಕಣಿಕೆ, ಹಸಿಮೇವುಗಳನ್ನು ಹೆಚ್ಚಿಸಿ ಕೊಟ್ಟರೆ ಹಾಲಿನಲ್ಲಿ ದೊಡ್ಡ ಇಳಿತ ಕಾಣುವುದಿಲ್ಲ. ಉಳಿದ ಚೀಲದ ಬಾಯಿ ಬಿಗಿದು, ನೆರಳಿನಲ್ಲಿ ಹಲಗೆಯ ಮೇಲಿಟ್ಟು, ಅವಧಿ ಮುಗಿಯುವ ಮುನ್ನ ಈಯಲಿರುವ ಬೇರೆ ಆಕಳಿಗೆ ಬಳಸಬಹುದು.